ಚೀನಾ ಮೇಡಂ ಕೊಟ್ಟ ಎಲೆ-ಅಡಿಕೆ

ವಾಡಿಯಿಂದ ಸೇಡಂ ಕಡೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಭಾಗ್ಯಶ್ರೀ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಚೀನಾ ಮೇಡಂ ಎಂದರೆ ಶೇಂಗಾ ಮಾರುವವನೂ ಕೈ ಮಾಡಿ ತೋರಿಸುತ್ತಾನೆ.

ಹೆಸರು ಬಂದದ್ದಕ್ಕೆ ದೊಡ್ಡ ಕಥೆಯೇನಿಲ್ಲ. ಸೇಡಂನ ಕಾಲೇಜಿಗೆ ಆಕೆ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿ ಸೇರಿದ ವರ್ಷ, ಕರ್ನಾಟಕ, ದಿಲ್ಲಿ, ಯುರೋಪುಗಳ ಪಾಠಗಳನ್ನೆಲ್ಲ ಮೊದಲೇ ಇದ್ದವರು ಹಂಚಿಕೊಂಡಿದ್ದರು. ಉಳಿದದ್ದು ಆಧುನಿಕ ಚೀನಾ. ಹೊಸದಾಗಿ ಬಂದ ಸೊಸೆಯ ಪಾಲಿಗೆ ಹೊಗೆಯಾಡುವ ಒಲೆ ಬಂದ ಹಾಗೆ ಅದು ಆಕೆಯ ಪಾಲಿಗೆ ಬಂತು. ಆಕೆ ಗೊಣಗಲಿಲ್ಲ. ರೈಲಿನಲ್ಲಿ ಹೋಗುತ್ತ ಬರುತ್ತ ಓದಿದಳು. ಉದ್ದ ಜಡೆ ಹೆಣೆದುಕೊಂಡ ಗಂಡಸರ ಚಿತ್ರವಿದ್ದ ಪುಸ್ತಕವನ್ನು ಕಂಡು ಎದುರಿಗೆ ಕೂತ ಮುದುಕನೊಬ್ಬ, ಇವರು ಯಾವ ಸೀಮೆಯವರು ಎಂದು ಕೇಳಿದ. ಆಕೆ ಹೇಳತೊಡಗಿದಳು. ಚಿತ್ತಾಪುರ ಬರುವಷ್ಟರಲ್ಲಿ ಅಫೀಮಿನ ಯುದ್ಧ ಮುಗಿದಿತ್ತು, ಡಬ್ಬಿಯ ಅರ್ಧ ಜನ ಇತ್ತ ತಿರುಗಿ ಕೂತಿದ್ದರು. ಅವತ್ತಿನಿಂದ ಆ ಹೆಸರು ಅಂಟಿತು.

ಆಕೆಗೆ ಈಗ ಮೂವತ್ತಾರು. ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಎರಡು ಕಡೆಯಿಂದ ಆಕೆಯ ಮದುವೆಯ ಮಾತು ಬಂದು ಹೋಗಿತ್ತು. ಆಮೇಲೆ ತಂದೆ ತೀರಿಕೊಂಡರು. ಆಮೇಲೆ ಯಾರೂ ಕೇಳಲಿಲ್ಲ, ಆಕೆಯೂ ಆ ಮಾತೆತ್ತಲಿಲ್ಲ. ವಾಡಿಯ ಮನೆಯಲ್ಲಿ ತಾಯಿ ಮಹಾದೇವಮ್ಮ, ತಮ್ಮ ಸಂತೋಷಕುಮಾರ. ತಮ್ಮನಿಗೆ ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುವ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಮನೆಗೆ ಬರುವಾಗ ಅವನ ರೆಪ್ಪೆಯ ಮೇಲೂ ಬೂದಿ ಬಣ್ಣದ ಧೂಳು ಕೂತಿರುತ್ತಿತ್ತು. ಮಹಾದೇವಮ್ಮ ಅವನಿಗೆ ಹೆಣ್ಣು ಹುಡುಕುತ್ತಿದ್ದರು. ಈ ಸಂಗತಿ ಗುಂಡಗುರ್ತಿಯಿಂದ ಚಿಂಚೋಳಿಯ ತನಕ ಬಳಗದಲ್ಲಿ ಯಾರಿಗೂ ತಿಳಿಯದೆ ಉಳಿದಿರಲಿಲ್ಲ. ಉಳಿಯಲು ಅವರು ಬಿಟ್ಟಿರಲಿಲ್ಲ.

ಯಾರಿಗೂ ಬೇಡವಾದ ಚೀನಾದಲ್ಲಿ ಭಾಗ್ಯಶ್ರೀಗೆ ಎಲ್ಲಕ್ಕಿಂತ ಪ್ರೀತಿಯ ಪಾಠ ಮಿಷನರಿ ಶಾಲೆಗಳದು. ಅದಕ್ಕೆ ಕಾರಣವಿತ್ತು. ಹತ್ತನೆಯ ತರಗತಿಯ ತನಕ ಆಕೆ ಓದಿದ್ದು ಕ್ರೈಸ್ತ ಸಿಸ್ಟರ್‌ಗಳು ನಡೆಸುತ್ತಿದ್ದ ಶಾಲೆಯಲ್ಲಿ. ಬೆಳಿಗ್ಗೆ ಮನೆಯಲ್ಲಿ ಅಂಗೈ ಮೇಲೆ ಇಷ್ಟಲಿಂಗವಿಟ್ಟು ಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು ಹೋಗಿ, ಶಾಲೆಯ ಅಂಗಳದಲ್ಲಿ ನಿಂತು ಯೇಸುವಿನ ಹಾಡು ಹೇಳುತ್ತಿದ್ದಳು. ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ ಎಂದು ಆಗ ಅನ್ನಿಸಿರಲಿಲ್ಲ. ಈಗಲೂ ಪಾತ್ರೆ ತೊಳೆಯುವಾಗ ಬಾಯಲ್ಲಿ ಆ ಹಾಡು ಬರುತ್ತದೆ.

ಕಾಲೇಜಿನಲ್ಲಿ ಆಕೆ ಪಾಠ ಮಾಡುವ ಕೋಣೆಯ ಗೋಡೆಗೆ ತೂಗುಹಾಕಲು ಚೀನಾದ ನಕ್ಷೆ ಇರಲಿಲ್ಲ. ನೆಲ ಇತ್ತು. ಈ ಕಡೆಯ ಎಲ್ಲ ಮನೆಗಳ ಹಾಗೆ ಅಲ್ಲಿಯೂ ಫರಸಿ, ಅಂದರೆ ಶಹಾಬಾದಿನ ಕಲ್ಲಿನ ಚೌಕಗಳನ್ನು ಜೋಡಿಸಿದ ನೆಲ. ಭಾಗ್ಯಶ್ರೀ ಬೆಂಚುಗಳನ್ನು ಹಿಂದಕ್ಕೆ ಸರಿಸಿ, ಸುಣ್ಣದ ಕಡ್ಡಿಯಿಂದ ಆ ಕಲ್ಲುಗಳ ಮೇಲೆ ಚೀನಾ ಬರೆಯುತ್ತಿದ್ದಳು. ಒಂದು ಕಲ್ಲು ಕ್ಯಾಂಟನ್, ಒಂದು ಶಾಂಘೈ, ಕಿಟಕಿಯ ಕಡೆಯ ಸಾಲೆಲ್ಲ ಸಮುದ್ರ. ಒಂದೊಂದು ಊರಿನ ಮೇಲೆ ಒಬ್ಬೊಬ್ಬ ಹುಡುಗಿ ನಿಂತು ಆ ಊರಿನ ಕಥೆ ಹೇಳಬೇಕು. ಅಕ್ಷರ ಬರೆದ ನೆಲ ಎಂದು ಹುಡುಗಿಯರು ತಾವಾಗಿಯೇ ಚಪ್ಪಲಿ ಕಳಚಿ ಬರುತ್ತಿದ್ದರು. ಅದನ್ನು ಆಕೆ ಹೇಳಿಕೊಟ್ಟಿರಲಿಲ್ಲ.

ಕೊನೆಯ ವರ್ಷದ ತರಗತಿಯಲ್ಲಿ ಡೆಂಗ್‌ಝೋ ಎಂಬ ಊರು ಚನ್ನುವಿನ ಪಾಲಿಗೆ ಬಂದಿತ್ತು. ಮೂಲೆ ಒಡೆದ ಕಲ್ಲು, ಕಿಟಕಿಯ ಹತ್ತಿರ. ಚನ್ನು ಸೇಡಂ ತಾಲ್ಲೂಕಿನ ಮುಧೋಳದವಳು. ತೊಗರಿ ಬೆಳೆಯುವ ನಾಗೇಂದ್ರಪ್ಪನ ಮಗಳು. ಮಾತು ಕಡಿಮೆ. ಕೇಳಿದರೆ ಮಾತ್ರ ಹೇಳುವಳು, ಹೇಳಿದರೆ ತಪ್ಪಿರುತ್ತಿರಲಿಲ್ಲ. ಊರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡಬೇಕು ಎನ್ನುವುದು ಅವಳ ಆಸೆ. ಅದನ್ನು ಒಂದೇ ಸಲ ಹೇಳಿದ್ದಳು, ಅದೂ ಭಾಗ್ಯಶ್ರೀ ಒಬ್ಬಳಿಗೆ.

ಅವತ್ತು ಭಾಗ್ಯಶ್ರೀ ಆ ಒಡೆದ ಮೂಲೆಯ ಕಥೆ ಹೇಳಿದಳು. ನೂರೈವತ್ತು ವರ್ಷಕ್ಕೂ ಹಿಂದೆ ಅಮೆರಿಕದ ಗಂಡ ಹೆಂಡತಿ ಇಬ್ಬರು ಆ ಸಮುದ್ರದ ಊರಿಗೆ ಬಂದು, ಒಂದು ಹಳೆಯ ಗುಡಿಯಲ್ಲಿ ಬೆರಳೆಣಿಕೆಯ ಹುಡುಗರನ್ನು ಕೂಡಿಸಿಕೊಂಡು ಶಾಲೆ ತೆರೆದರು. ಉಳ್ಳವರು ಮಕ್ಕಳನ್ನು ಕಳಿಸಲಿಲ್ಲ. ಪರದೇಶದವರು ಮಕ್ಕಳನ್ನು ಹಡಗು ಹತ್ತಿಸಿ ಒಯ್ಯುತ್ತಾರಂತೆ, ಕಣ್ಣು ಕಿತ್ತು ಔಷಧ ಮಾಡುತ್ತಾರಂತೆ ಎಂದು ಆ ದೇಶದ ತುಂಬ ಗುಲ್ಲಿತ್ತು. ಬಂದವರು ಬಡವರ ಮಕ್ಕಳು. ಅಲ್ಲಿ ಊಟ, ಬಟ್ಟೆ, ಪುಸ್ತಕ ಸಿಗುತ್ತಿತ್ತು. ಅಮೆರಿಕದವನ ಮನಸ್ಸಿನಲ್ಲಿ ಇದ್ದದ್ದು ಅವನ ಧರ್ಮ. ತಂದೆ ತಾಯಿಯ ಮನಸ್ಸಿನಲ್ಲಿ ಇದ್ದದ್ದು ಮಗನ ಹೊಟ್ಟೆ. ಆದರೆ ಅಲ್ಲಿ ಕಲಿಸಿದ್ದು ಗಣಿತ, ಭೂಗೋಳ, ವಿಜ್ಞಾನ. ಅದೂ ಇಂಗ್ಲಿಷಿನಲ್ಲಿ ಅಲ್ಲ, ಆ ಮಕ್ಕಳದೇ ಭಾಷೆಯಲ್ಲಿ. ಅವರ ಹಳೆಯ ಗ್ರಂಥಗಳನ್ನೂ ಬಿಡಲಿಲ್ಲ. ಅಲ್ಲಿ ಕಲಿತ ಹುಡುಗರು ಮುಂದೆ ದೂರದೂರದ ಊರುಗಳಿಗೆ ಹೋಗಿ ಮಾಸ್ತರರಾದರು.

ಒಂದು ತೊಂದರೆ ಇತ್ತು. ಅಕ್ಷರ ಕೂಡಿಬರುವ ಹೊತ್ತಿಗೆ ತಂದೆ ಬಂದು, ಹೊಲದಲ್ಲಿ ಕೆಲಸವಿದೆ, ಮದುವೆ ಇದೆ ಎಂದು ಹುಡುಗನನ್ನು ಕರೆದೊಯ್ಯಬಹುದಿತ್ತು. ಅದಕ್ಕೆ ಶಾಲೆಗೆ ಸೇರಿಸುವಾಗಲೇ, ಇಷ್ಟು ವರ್ಷ ಹುಡುಗನನ್ನು ಬಿಡಿಸುವುದಿಲ್ಲ ಎಂದು ಅವರಿಂದ ಕರಾರು ಮಾಡಿಸಿಕೊಳ್ಳುತ್ತಿದ್ದರು.

ಕ್ಯಾಂಟನ್ ಮೇಲೆ ನಿಂತ ಹುಡುಗಿ ನಕ್ಕಳು. "ನಮ್ಮಪ್ಪನ ಕಡಿಂದನೂ ಒಂದ್ ಕರಾರು ಮಾಡಿಸ್ರಿ ಮೇಡಂ. ಬರೇ ಫೋನ್ ಬಂದ್ರ ಸಾಕು, ವರ ಬಂತು ಅಂತ ಅಂಜಿಕಿ ಆಗ್ತದ."

ತರಗತಿಯೆಲ್ಲ ನಕ್ಕಿತು. ಡೆಂಗ್‌ಝೋ ನಗಲಿಲ್ಲ.

ದೀಪಾವಳಿಯ ರಜೆ ಮುಗಿದು ಕಾಲೇಜು ತೆರೆದಾಗ ಚನ್ನು ಬರಲಿಲ್ಲ. ಮುಧೋಳದಿಂದ ಬರುವ ಇನ್ನೊಬ್ಬ ಹುಡುಗಿಯನ್ನು ಕೇಳಿದಾಗ ವಿಷಯ ಹೊರಬಿತ್ತು. ಚಿಂಚೋಳಿಯ ಕಡೆಯಿಂದ ವರ ಬಂದಿದೆ. ಹುಡುಗನಿಗೆ ಟ್ರ್ಯಾಕ್ಟರ್ ಇದೆ, ಬಾವಿಗೆ ನೀರಿದೆ. ಅವರಿಗೆ ಅವಸರ, ಡಿಗ್ರಿಯ ಹುಚ್ಚು ಅವರಿಗಿಲ್ಲ. ಅವರು ಮಾತು ಮುಗಿಸಲು ಬರುವ ಮೊದಲೇ ಕಾಲೇಜು ಬಿಡಿಸಿದರೆ ಒಳ್ಳೆಯದೆಂದು ನಾಗೇಂದ್ರಪ್ಪ ತೀರ್ಮಾನಿಸಿದ್ದಾನೆ.

ಕೊನೆಯ ಪರೀಕ್ಷೆ ಜೂನಿನಲ್ಲಿ. ಅಲ್ಲಿಯ ತನಕ ಒಬ್ಬ ಹುಡುಗಿಯನ್ನು ಹಿಡಿದಿಟ್ಟುಕೊಳ್ಳಲು ಏನು ಮಾಡಬೇಕು ಎಂದು ಭಾಗ್ಯಶ್ರೀ ರೈಲಿನಲ್ಲಿ ಹಮೀದಾಬೇಗಂ ಮುಂದೆ ಹೇಳಿಕೊಂಡಳು. ಹಮೀದಾಬೇಗಂ ಅದೇ ಕಾಲೇಜಿನಲ್ಲಿ ಉರ್ದು ಕಲಿಸುವವರು, ಶಹಾಬಾದಿನವರು, ವಯಸ್ಸಿನಲ್ಲಿ ಹಿರಿಯರು. ಭಾಗ್ಯಶ್ರೀ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು. ಆಪಾ ಕಿಟಕಿಯ ಹೊರಗಿನ ಕಲ್ಲಿನ ಖಣಿಗಳನ್ನು ನೋಡುತ್ತ ಎಲ್ಲ ಕೇಳಿಸಿಕೊಂಡರು.

"ಹೋಗು. ಹೋಗಬ್ಯಾಡ ಅಂದ್ರ ನೀ ಕೇಳಾಕಿ ಅಲ್ಲ," ಎಂದರು. "ಆದ್ರ ಹುಡುಗಿ ಇದ್ದ ಮನಿ, ಭಾಗ್ಯಾ. ಅಲ್ಲಿ ಚಾ ಕುಡದ್ರೂ ಅದಕ್ಕೊಂದು ಅರ್ಥ ಇರ್ತದ."

ಭಾಗ್ಯಶ್ರೀ ನಾಗೇಂದ್ರಪ್ಪನಿಗೆ ಫೋನ್ ಮಾಡಿದಳು. ತಾನು ಚನ್ನುವಿನ ವಿಷಯ ಮಾತಾಡಲು ಬರುತ್ತೇನೆಂದೂ, ಮಾತು ಕೂಡಿದರೆ ಬರವಣಿಗೆಯಲ್ಲಿ ಇಟ್ಟುಕೊಳ್ಳೋಣವೆಂದೂ ಹೇಳಿದಳು. ಆತ, ಕಾಗದ-ಗೀಗದ ತಮ್ಮಲ್ಲಿ ನಡೆಯುವುದಿಲ್ಲ, ನಾಲ್ಕು ಮಂದಿಯ ಮುಂದೆ ಎಲೆ-ಅಡಿಕೆ ಹಿಡಿದರೆ ಅದೇ ಕಾಗದ, ತಾನು ಹಿಡಿದ ಎಲೆಗೆ ಇಲ್ಲಿಯ ತನಕ ತಪ್ಪಿದವನಲ್ಲ ಎಂದ. ಆಕೆಗೆ ಸಂತೋಷವಾಯಿತು. ಡೆಂಗ್‌ಝೋದ ಕರಾರಿಗೆ ಮುಧೋಳದಲ್ಲೊಂದು ರೂಪ ಸಿಕ್ಕಿತು ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಹೊರಡುವಾಗ ಮಹಾದೇವಮ್ಮ ಮಗಳ ಕೈಗೊಂದು ಚೀಲ ಕೊಟ್ಟರು. ಮೊದಲ ಸಲ ಒಬ್ಬರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಸಕ್ಕರೆ ಇದೆ, ಹುಡುಗಿಯ ತಾಯಿಗೊಂದು ಕುಪ್ಪಸದ ಖಣ ಇದೆ ಎಂದರು. ಭಾನುವಾರ ಆ ಕಡೆಗೆ ಬಸ್ಸು ಕಡಿಮೆ ಎಂದು ಸಂತೋಷಕುಮಾರ ಬೈಕು ತೆಗೆದ. ಧೂಳಿನ ದಾರಿ ಎಂದು ಹೇಳಿದರೂ ಕೇಳದೆ ತಾಯಿ ಅವನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದರು.

ನಾಗೇಂದ್ರಪ್ಪನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಓಣಿಯ ಹಿರಿಯರು ಇಬ್ಬರು ಬಂದು ಕೂತಿದ್ದರು. ಹೊರಗೆ ಬೈಕಿನ ಹತ್ತಿರ ನಿಂತಿದ್ದ ಸಂತೋಷಕುಮಾರನನ್ನು ಚನ್ನುವಿನ ಆಯಿ, ಅಂದರೆ ನಾಗೇಂದ್ರಪ್ಪನ ತಾಯಿ, ತಾವೇ ಹೋಗಿ ಕರೆದರು. "ಬಿಸಲಾಗ ಯಾಕ ನಿಂತೀಯೋ ತಮ್ಮಾ, ಒಳಗ ಬಾ, ಕಂಬಳಿ ಮ್ಯಾಲ ಕುಂದ್ರು." ಅವನು ಸಂಕೋಚದಿಂದ ಬಂದು ಕೂತ. ಅವನ ಕೆಲಸವೇನು, ಅಜ್ಜಂದಿರು ಯಾವ ಊರಿನವರು, ಯಾವ ಮಠಕ್ಕೆ ನಡೆದುಕೊಳ್ಳುತ್ತಾರೆ ಎಂದು ಆಯಿ ಕೇಳಿದರು. ಹಳ್ಳಿಯಲ್ಲಿ ಯಾರು ಬಂದರೂ ಕೇಳುವ ಮಾತು ಎಂದು ಭಾಗ್ಯಶ್ರೀ ಅದರ ಕಡೆ ಲಕ್ಷ್ಯ ಕೊಡಲಿಲ್ಲ. ತಾನು ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ಕೊನೆಗೆ ಆಡಿದಳು. "ಚನ್ನೂನ ಕೊನೀ ಪರೀಕ್ಷಾ ಮುಗಿಯೂ ತನಕ ಆಕೀನ್ನ ಕಾಲೇಜ್ ಬಿಡಸಂಗಿಲ್ಲ, ಮದುವಿ ಮಾಡಂಗಿಲ್ಲ ಅಂತ ನೀವು ಮಾತ್ ಕೊಡಬೇಕ್ರಿ. ಜೂನ್ ತನಕ. ನಾ ಕೇಳೋದು ಇಷ್ಟೇ."

ಜಗಳ, ಬೇಡಿಕೆ, ಚೌಕಾಶಿ ಎಲ್ಲಕ್ಕೂ ಆಕೆ ಸಿದ್ಧಳಾಗಿ ಬಂದಿದ್ದಳು. ನಾಗೇಂದ್ರಪ್ಪ ಹಿರಿಯರ ಮುಖ ನೋಡಿದ, ಹಿರಿಯರು ತಲೆಯಾಡಿಸಿದರು. ಓದಿದ ಮನೆ ಓದಿದ ಹುಡುಗಿಯನ್ನು ಕೇಳುವುದು ಸರಿಯೇ, ತಮಗೂ ಅವಸರವಿಲ್ಲ, ಜೂನ್ ಆಗಲಿ ಎಂದ. ಓದಿದ ಮನೆ ಎಂದರೆ ಕಾಲೇಜು ಎಂದು ಭಾಗ್ಯಶ್ರೀ ತಿಳಿದಳು. ಎಲೆ-ಅಡಿಕೆ ಕೊಟ್ಟಳು, ಆತ ಎರಡೂ ಕೈಯಿಂದ ಹಿಡಿದ. ಚೀಲದೊಳಗಿನ ಸಕ್ಕರೆಯನ್ನು ಆಯಿ ತಟ್ಟೆಗೆ ಸುರುವಿ ಎಲ್ಲರ ಬಾಯಿಗೂ ಹಾಕಿದರು. ಸಂತೋಷಕುಮಾರನ ಹಣೆಗೆ ವಿಭೂತಿ ಹಚ್ಚಿದರು. ಖಣ ಒಳಗೆ ಹೋಯಿತು. ಒಳಗಿನಿಂದ ಚನ್ನು ಬಂದು ಹಿರಿಯರಿಗೆಲ್ಲ ನಮಸ್ಕರಿಸಿದಳು. ಭಾಗ್ಯಶ್ರೀಯ ಕಾಲು ಮುಟ್ಟಿ ಏಳುವಾಗ ಒಂದು ಕ್ಷಣ ಆಕೆಯ ಮುಖವನ್ನೇ ನೋಡಿದಳು, ಏನೋ ಕೇಳುವ ಹಾಗೆ. ನಂತರ ತಲೆ ತಗ್ಗಿಸಿದಳು.

ಎಲೆಯನ್ನು ನಾಗೇಂದ್ರಪ್ಪ ಕೇಳಿದ್ದ, ಸಕ್ಕರೆ-ಖಣವನ್ನು ತಾಯಿ ಕಟ್ಟಿದ್ದರು, ತಮ್ಮ ಬಸ್ಸಿಲ್ಲದ್ದಕ್ಕೆ ಬಂದಿದ್ದ. ಒಂದೊಂದೂ ಬೇರೆ ಬೇರೆ ದಾರಿಯಿಂದ ಬಂದು ಆ ಕಂಬಳಿಯ ಮೇಲೆ ಕೂಡಿದ್ದವು. ಈ ಸೀಮೆಯಲ್ಲಿ ಹುಟ್ಟಿದ ಐದು ವರ್ಷದ ಮಗುವೂ ಅದನ್ನು ನೋಡಿ ಸಕ್ಕರೆ ಪುಡ, ಅಂದರೆ ಮದುವೆಯ ನಿಶ್ಚಯ, ಎಂದು ಹೇಳುತ್ತಿತ್ತು. ಭಾಗ್ಯಶ್ರೀ ಮಾತ್ರ ಆ ಹೊತ್ತು ಡೆಂಗ್‌ಝೋದಲ್ಲಿ ಇದ್ದಳು.

ಸೋಮವಾರ ಚನ್ನು ತರಗತಿಗೆ ಬಂದಳು. ಆ ವಾರವೆಲ್ಲ ಭಾಗ್ಯಶ್ರೀ ಹಗುರಾಗಿ ಓಡಾಡಿದಳು. ವಾರದ ಕೊನೆಗೆ ಮನೆಯಲ್ಲಿ ಫೋನ್ ಬಂತು. ಮಹಾದೇವಮ್ಮ ಸೆರಗು ಸರಿಮಾಡಿಕೊಂಡು, ಫೋನಿನಲ್ಲೇ ಯಾರಿಗೋ ಶರಣು ಹೇಳಿ, ಬೀಗರೇ ಎಂದು ಕರೆದಾಗ ಆಕೆ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿದಳು. ಮುಧೋಳದಿಂದ ನಾಗೇಂದ್ರಪ್ಪ. ನಿಮ್ಮ ಮಗಳು ಕೇಳಿದ ಹಾಗೆ ಜೂನ್ ಆದ ಮೇಲೆ ಮುಹೂರ್ತ ನೋಡೋಣ, ಚಿಂಚೋಳಿಯವರಿಗೆ ಇಲ್ಲವೆಂದು ಹೇಳಿ ಕಳಿಸಿದ್ದೇನೆ ಎಂದು ತಿಳಿಸಲು ಫೋನ್ ಮಾಡಿದ್ದ.

ಆಮೇಲೆ ಮನೆಯಲ್ಲಿ ಮಾತುಕತೆ ಬಹಳ ಹೊತ್ತು ನಡೆಯಿತು. ತಾನು ಬೇಕೆಂದೇ ಮಾಡಲಿಲ್ಲ, ಖಾಲಿ ಚೀಲ ಕಳಿಸಬೇಕಿತ್ತೇ ಎಂದು ಮಹಾದೇವಮ್ಮ ಕೇಳಿದರು. ಕೇಳುವಾಗ ಮುಖವನ್ನು ಒಲೆಯ ಕಡೆ ತಿರುಗಿಸಿಕೊಂಡಿದ್ದರು. ಸಂತೋಷಕುಮಾರ ಗೋಡೆಗೆ ಒರಗಿ ಕೂತಿದ್ದ.

"ಅಂದ್ರ ನನ್ನ ಸಕ್ಕರಿ ನಾನೇ ಬೈಕಿನ ಮ್ಯಾಲ ಹೊತ್ಗೊಂಡು ಹೋಗೀನಿ," ಎಂದ. "ಅಕ್ಕಾ, ನೀ ಚೀನಾ ಮಾಡು, ಬ್ಯಾಡ ಅನ್ನಲ್ಲ. ನನ್ನ ಕೇಳಿ ಮಾಡು."

ಮರುದಿನ ರೈಲಿನಲ್ಲಿ ಹಮೀದಾಬೇಗಂ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಮಿಷನರಿ ಆಗ್ತೀನಿ ಅಂತ ಹೋಗಿ ಬೀಗತಿ ಆಗಿ ಬಂದೀದಿ." ಮತ್ತೆ ಭಾಗ್ಯಶ್ರೀಯ ಮುಖ ನೋಡಿ ನಗು ನಿಲ್ಲಿಸಿದರು. ಈಗ ನಿಜ ಹೇಳಿದರೆ ಚಿಂಚೋಳಿಯವರು ಮತ್ತೆ ಬರಬಹುದು, ಚನ್ನು ಮನೆ ಸೇರಬಹುದು. ಹೇಳದಿದ್ದರೆ ಜೂನಿನ ತನಕ ಒಂದು ಮನೆಯವರನ್ನು ಇಲ್ಲದ ಮಾತಿನ ಮೇಲೆ ನಿಲ್ಲಿಸಿದ ಹಾಗಾಗುತ್ತದೆ. ಚಿತ್ತಾಪುರ ದಾಟಿದ ಮೇಲೆ ಆಪಾ ಮೆಲ್ಲಗೆ, ಹುಡುಗಿಯನ್ನು ಕೇಳು ಎಂದರು.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಭಾಗ್ಯಶ್ರೀ ಚನ್ನುವನ್ನು ನಿಲ್ಲಿಸಿಕೊಂಡಳು. ನೆಲದ ಮೇಲಿನ ಚೀನಾ ಅರ್ಧ ಅಳಿಸಿತ್ತು. ತನ್ನಿಂದ ತಪ್ಪಾಗಿದೆ, ತಾನು ಮದುವೆಯ ಮಾತಿಗೆ ಬಂದದ್ದಲ್ಲ ಎಂದು ಹೇಳಿದಳು. ಚನ್ನುವಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತದರಿ. ನಿಮ್ಮ ಮುಖ ನೋಡಿದಾಗೇ ಗೊತ್ತಾಯ್ತು, ನಿಮಗ ಏನೂ ಗೊತ್ತಿಲ್ಲ ಅಂತ."

"ಮತ್ತ ಯಾಕ ಸುಮ್ನಿದ್ದಿ?"

"ಜೂನ್ ಬರ್ತದಲ್ರಿ." ಚನ್ನು ಒಡೆದ ಮೂಲೆಯ ಕಲ್ಲಿನ ಕಡೆ ನೋಡಿದಳು. "ಆ ಹುಡುಗರು ಅನ್ನಕ್ಕ ಹೋದ್ರು, ಅವರನ್ನ ಕರದಾಂವ ಧರ್ಮಕ್ಕ ಕರದ ಅಂತ ನೀವೇ ಹೇಳೀರಿ. ಆದ್ರ ಗಣಿತ ಖರೇ ಕಲ್ತರಲ್ಲ, ಮೇಡಂ? ನಮ್ಮಪ್ಪ ಏನಾದ್ರೂ ಅಂದ್ಕೊಳ್ಳಿ. ನಾ ಪರೀಕ್ಷಾ ಬರೀತೀನಿ. ಆಮ್ಯಾಲ ಹೇಳ್ರಿ."

ಭಾಗ್ಯಶ್ರೀ ಒಪ್ಪಲಿಲ್ಲ. ಈಗ ಹೇಳಿದರೆ ಇದು ಮೇಡಂ ಮಾಡಿದ ತಪ್ಪು, ಜೂನಿನಲ್ಲಿ ಹೇಳಿದರೆ ಮುರಿದ ನಿಶ್ಚಯ, ಮುರಿದ ನಿಶ್ಚಯದ ಮಾತು ಯಾವಾಗಲೂ ಹುಡುಗಿಯ ಹೆಸರಿಗೇ ಅಂಟುತ್ತದೆ ಎಂದಳು. ತಾನು ಹೋಗಿ ಹೇಳಿಯೇ ಬಿಡುತ್ತೇನೆ ಎಂದಳು.

ಚನ್ನು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡಳು. "ಹೇಳಿ ನೀವು ಹಗುರಾಗ್ತೀರಿ. ಹೊರಾಕಿ ನಾ," ಎಂದು, ತಿರುಗಿ ನೋಡದೆ ಹೊರಟುಹೋದಳು.

ಆ ಮಾತು ಭಾಗ್ಯಶ್ರೀಯ ಜೊತೆಗೇ ರೈಲು ಹತ್ತಿತು. ಚನ್ನು ಹೇಳಿದ್ದರಲ್ಲಿ ಸುಳ್ಳಿಲ್ಲ. ಒಬ್ಬರು ಒಂದಕ್ಕೆ ಕೊಡುತ್ತಾರೆ, ಇನ್ನೊಬ್ಬರು ಇನ್ನೊಂದಕ್ಕೆ ತೆಗೆದುಕೊಳ್ಳುತ್ತಾರೆ, ನಡುವೆ ಒಂದು ಮಗು ಓದಿಕೊಳ್ಳುತ್ತದೆ. ಎಷ್ಟು ಶಾಲೆಗಳು ಹಾಗೆಯೇ ನಡೆದವೋ. ಆದರೆ ಆಕೆಗೆ ನೆನಪಾದದ್ದು ಚೀನಾ ಅಲ್ಲ, ವಾಡಿ. ತನ್ನನ್ನು ಶಾಲೆಗೆ ಸೇರಿಸುವ ದಿನ ಅಜ್ಜಿ ಅಂಗಳದಲ್ಲೇ ನಿಂತು, ನಮ್ಮ ಹುಡುಗಿಯನ್ನು ಕಿರಿಸ್ತಾನ ಮಾಡ್ತೀರೇನು ಎಂದು ಕೇಳಿದ್ದಳು. ಶಾಲೆ ಹೊಸದು, ಮಕ್ಕಳು ಕಡಿಮೆ. ಇಲ್ಲ ಅಜ್ಜಿ, ಹಾಗೇನಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಂಗಳೂರು ಕಡೆಯ ಸಿಸ್ಟರ್ ಬೆನೆಡಿಕ್ಟಾ ತಮ್ಮ ಪುಸ್ತಕದ ಕನ್ನಡದಲ್ಲಿ ಬೇರೆಯದನ್ನೇ ಹೇಳಿದ್ದರು.

"ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಅದರಲ್ಲಿ ಯೇಸುವಿನ ಹೆಸರು ಇರುತ್ತದೆ. ಅದನ್ನು ಮುಚ್ಚಿಟ್ಟು ನಿಮ್ಮ ಮಗುವನ್ನು ತೆಗೆದುಕೊಳ್ಳಲಾರೆ. ಅವಳ ಕೊರಳಿನ ಲಿಂಗವನ್ನು ತೆಗೆ ಎಂದು ನಾನು ಹೇಳುವುದಿಲ್ಲ. ಯೋಚಿಸಿ ಕಳಿಸಿ."

ಅಜ್ಜಿ ಮೊಮ್ಮಗಳ ಕೈ ಹಿಡಿದು ಮನೆಗೆ ಕರೆತಂದಿದ್ದಳು. ಹಲವು ದಿನ ಯೋಚಿಸಿ ಮತ್ತೆ ಕರೆದೊಯ್ದಿದ್ದಳು. ನಡುವಿನ ಆ ದಿನಗಳಲ್ಲಿ ಸಿಸ್ಟರ್ ಒಬ್ಬ ಹುಡುಗಿಯನ್ನು ಕಳೆದುಕೊಂಡೇ ಕೂತಿದ್ದರು ಎನ್ನುವುದು ಭಾಗ್ಯಶ್ರೀಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಆಕೆ ಬಸ್ಸಿಗೇ ಕಾದು, ಒಬ್ಬಳೇ ಮುಧೋಳಕ್ಕೆ ಹೋದಳು. ಮಹಾದೇವಮ್ಮ ಚೀಲ ಕೊಡಲು ಬಂದಾಗ ಬೇಡವೆಂದಳು. ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬರ ಮನೆಗೆ ಬರಿಗೈಯಲ್ಲಿ ಹೊರಟಿದ್ದಳು. ದಾರಿಯುದ್ದಕ್ಕೂ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಪಡಸಾಲೆಯಲ್ಲಿ ನಾಗೇಂದ್ರಪ್ಪ ತೊಗರಿಯ ಹೊಟ್ಟು ಅಂಟಿದ ಕಾಲಿನಲ್ಲಿ ಕೂತಿದ್ದ. ಆಯಿ ಕಂಬಕ್ಕೆ ಒರಗಿದ್ದರು. ಭಾಗ್ಯಶ್ರೀ ಕೂರಲಿಲ್ಲ. ನಿಂತೇ ಹೇಳಿದಳು: ತಾನು ಬಂದದ್ದು ಚನ್ನುವಿನ ಓದಿಗಾಗಿ, ತಮ್ಮನಿಗಾಗಿ ಅಲ್ಲ, ಸಕ್ಕರೆ, ಖಣ, ಎಲ್ಲ ಕೂಡಿ ಬೇರೆ ಅರ್ಥವಾಗುತ್ತದೆಂದು ತನಗೆ ಹೊಳೆಯಲಿಲ್ಲ, ತಪ್ಪು ತನ್ನದು, ಚನ್ನುವಿನದಲ್ಲ.

ನಾಗೇಂದ್ರಪ್ಪ ಕಾಲಿಗೆ ಅಂಟಿದ ಹೊಟ್ಟನ್ನು ಒಂದೊಂದಾಗಿ ಬಿಡಿಸಿದ. ನಂತರ ಹೇಳಿದ ಮಾತು ದೊಡ್ಡ ದನಿಯದಲ್ಲ, ಆದರೆ ಕೇಳಿಸಿಕೊಳ್ಳುವುದು ಕಷ್ಟವಾಗಿತ್ತು. "ಚಿಂಚೋಳಿ ಮಂದಿಗಿ ಇಲ್ಲ ಅಂದು ಕಳಸೀನಿ. ಓಣಿಗೆಲ್ಲ ಹೇಳೀನಿ, ಮೇಡಂ ಮನೀಗಿ ಕೊಡಾಕತ್ತೀನಿ ಅಂತ. ನಾಳಿ ನಾ ಯಾವ ಮುಖ ತಗೊಂಡು ಕಟ್ಟಿ ಮ್ಯಾಲ ಕುಂದರ್ಲಿ? ನೀವೇ ಹೇಳ್ರಿ."

ಒಳಗಿನ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಚನ್ನು ಅಲ್ಲಿ ನಿಂತಿದ್ದಾಳೆಂದು ತಿಳಿಯಿತು.

ಹಾಗಿದ್ದರೆ ಹಿಡಿದ ಎಲೆಯೂ ಇಲ್ಲ, ಮಾತೂ ಇಲ್ಲ ಎಂದು ನಾಗೇಂದ್ರಪ್ಪ ಏಳಲು ಹೋದಾಗ ಆಯಿ ಕೈ ಅಡ್ಡ ಹಿಡಿದರು.

"ಕುಂದ್ರು, ನಾಗಣ್ಣ. ಎಲಿ ಯಾಕ ಇಲ್ಲ? ನಾಕು ಮಂದಿ ಮುಂದ ಹಿಡದೀದಿ. ಆಕಿ ಏನಂದ್ಳು, ನಾ ಕೇಳೀನಿ. ಜೂನ್ ತನಕ ಕಾಲೇಜ್ ಬಿಡಸಂಗಿಲ್ಲ, ಮದುವಿ ಮಾಡಂಗಿಲ್ಲ, ಇಷ್ಟೇ ಅಂದ್ಳು. ತಮ್ಮಗ ಕೊಡ್ರಿ ಅಂತ ಆಕಿ ಬಾಯಿಂದ ಬರಲಿಲ್ಲ. ಅದು ನಾವ್ ಅಂದ್ಕೊಂಡದ್ದು. ಅಂದ್ಕೊಂಡದ್ದಕ್ಕ ಯಾರೂ ಎಲಿ ಹಿಡಿಯಂಗಿಲ್ಲ. ಅಂದದ್ದಕ್ಕ ಹಿಡೀತಾರ."

"ಅವ್ವಾ, ಊರಾಗ ನಗ್ತಾರ."

"ನಗಲಿ. ಸಕ್ಕರಿ ತಿಂದೋರೇ ನಗಬೇಕಲ್ಲ. ಎಲಿ ತಪ್ಪಿದ್ರ ನಗಂಗಿಲ್ಲ, ಉಗಳ್ತಾರ."

ನಾಗೇಂದ್ರಪ್ಪ ಮತ್ತೆ ಕೂತ. ತಾಯಿಯ ಕಡೆ ನೋಡಲಿಲ್ಲ, ಭಾಗ್ಯಶ್ರೀಯ ಕಡೆಯೂ ನೋಡಲಿಲ್ಲ. ಅಂಗಳದಲ್ಲಿ ಒಣಗುತ್ತಿದ್ದ ತೊಗರಿಯನ್ನು ನೋಡುತ್ತ, ಜೂನ್ ತನಕ ಹುಡುಗಿ ಬರುತ್ತಾಳೆ, ಆದರೆ ಮೇಡಂ ಇನ್ನು ಈ ಹೊಸ್ತಿಲಿಗೆ ಬರುವುದು ಬೇಡ ಎಂದ. ಜೂನಿನ ನಂತರದ್ದು ತಮ್ಮ ಮನೆಯ ವಿಷಯ ಎಂದ. ಆಕೆ ಆಗಲಿ ಎಂದಳು. ಆಯಿ ಒಳಗೆ ಹೋಗಿ ಆ ಖಣವನ್ನು ತಂದು ಆಕೆಯ ಕೈಗೆ ತಿರುಗಿ ಕೊಟ್ಟರು. ಮಡಿಕೆ ಬಿಚ್ಚಿರಲಿಲ್ಲ. ಚಹಾ ಬೇಕೇ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು ಖಣವನ್ನು ತಾಯಿಯ ಮುಂದೆ ಇಟ್ಟಳು. ಮಹಾದೇವಮ್ಮ ಅದನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟರು. ಬಣ್ಣ ಚೆನ್ನಾಗಿತ್ತು ಎಂದು ಮಾತ್ರ ಹೇಳಿದರು. ಸಂತೋಷಕುಮಾರ ಅಕ್ಕನ ತಟ್ಟೆಗೆ ತಾನೇ ರೊಟ್ಟಿ ಹಾಕಿದ. ಹುಡುಗಿಯ ಮುಖವನ್ನು ತಾನು ಸರಿಯಾಗಿ ನೋಡಿರಲೂ ಇಲ್ಲ ಎಂದ, ಸಮಾಧಾನಕ್ಕೋ, ನಿಜಕ್ಕೋ.

ಮರುದಿನ ಚನ್ನು ಬಂದಳು. ಕೊನೆಯ ಬೆಂಚಿನಲ್ಲಿ ಕೂತಳು. ಹಾಜರಿ ಕರೆದಾಗ ಕೈ ಎತ್ತಿದಳು, ಬಾಯಿ ತೆರೆಯಲಿಲ್ಲ. ಆ ದಿನವೂ ಹಾಗೆ, ಆಮೇಲಿನ ದಿನಗಳೂ ಹಾಗೆ. ಭಾಗ್ಯಶ್ರೀ ಅವಳನ್ನು ಕರೆದು ಮಾತಾಡಿಸಲಿಲ್ಲ. ಕೇಳುವ ಹಕ್ಕು ತನಗೆ ಉಳಿದಿಲ್ಲ ಎಂದುಕೊಂಡಳೋ, ಅವಳಾಗಿ ಬರಲಿ ಎಂದುಕೊಂಡಳೋ, ರೈಲಿನಲ್ಲಿ ಹಮೀದಾಬೇಗಂ ಕೇಳಿದರೂ ಹೇಳಲಿಲ್ಲ.

ಮಿಷನರಿ ಶಾಲೆಗಳ ಪಾಠದ ಕೊನೆಯ ಭಾಗ ಸಾವಿರದ ಒಂಬೈನೂರ ಐದನೆಯ ಇಸವಿಯದು. ಶತಮಾನಗಳಿಂದ ನಡೆದುಬಂದ ಹಳೆಯ ರಾಜಪರೀಕ್ಷೆಯನ್ನು ಅಲ್ಲಿಯ ಅರಸೊತ್ತಿಗೆ ಆ ವರ್ಷ ನಿಲ್ಲಿಸಿತು. ಹೊಸ ಶಾಲೆಗಳಿಗೆ ಗಣಿತ ಬಲ್ಲ ಮಾಸ್ತರರು ಬೇಕಾದರು. ಭಾಗ್ಯಶ್ರೀ ಬೆಂಚುಗಳನ್ನು ಸರಿಸಿ, ಮತ್ತೆ ಮೊದಲಿನಿಂದ ನೆಲದ ಮೇಲೆ ಚೀನಾ ಬರೆದಳು. ಹುಡುಗಿಯರು ಚಪ್ಪಲಿ ಕಳಚಿ ತಮ್ಮ ತಮ್ಮ ಊರುಗಳ ಮೇಲೆ ಹೋಗಿ ನಿಂತರು. ಶಾಂಘೈ ತುಂಬಿತು, ಕ್ಯಾಂಟನ್ ತುಂಬಿತು. ಕಿಟಕಿಯ ಹತ್ತಿರದ ಮೂಲೆ ಒಡೆದ ಕಲ್ಲು ಖಾಲಿ ಇತ್ತು. ಬೇರೆ ಯಾರೂ ಅದರ ಮೇಲೆ ಕಾಲಿಡಲಿಲ್ಲ. ಭಾಗ್ಯಶ್ರೀಯೂ ಯಾರ ಹೆಸರನ್ನೂ ಕರೆಯಲಿಲ್ಲ.

ಸುಣ್ಣದ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ ಆಕೆ, ಡೆಂಗ್‌ಝೋದಲ್ಲಿ ಕಲಿತವರು ಆಗ ಎಲ್ಲೆಲ್ಲಿಗೆ ಹೋದರು ಎಂದು ಇಡೀ ತರಗತಿಯನ್ನು ಕೇಳಿದಳು. ಉತ್ತರ ಬರಲಿಲ್ಲ. ಹೊರಗೆ ಮಾಲು ಗಾಡಿಯೊಂದು ಉದ್ದಕ್ಕೆ ಹಾದುಹೋಯಿತು. ಅದರ ಸದ್ದು ನಿಂತ ಮೇಲೆ ಕೊನೆಯ ಬೆಂಚು ಕಿರುಗುಟ್ಟಿತು.

ಚನ್ನು ಎದ್ದು, ಚಪ್ಪಲಿಯನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು, ಯಾರ ಮುಖವನ್ನೂ ನೋಡದೆ ನಡೆದು ಬಂದಳು. ತನ್ನ ಕಲ್ಲಿನ ಮೇಲೆ ನಿಂತು, ಹೇಳತೊಡಗಿದಳು.